ಬಾವೀಸ್ ಮಾಳಾ ಹತ್ತಿದ್ದು

ನನಗೊಂದು ಚಟವಿದೆ. ಎತ್ತರದ ಕಟ್ಟಡ ಕಂಡರೆ ಸಾಕು, ಕೆಳಗೆ ನಿಂತು ಅದರ ಮಹಡಿಗಳನ್ನು ಎಣಿಸಬೇಕು. ಬಸ್ಸು ತಪ್ಪಿದರೂ ಸರಿ, ಹಿಂದಿನಿಂದ ಬಂದವರು ಗುದ್ದಿದರೂ ಸರಿ, ತೋರುಬೆರಳು ತಾನಾಗಿ ಎದ್ದು ಕಿಟಕಿಗಳ ಸಾಲನ್ನು ಒಂದೊಂದಾಗಿ ಕುಟುಕುತ್ತಾ ಮೇಲೇರುತ್ತದೆ. ಹನ್ನೆರಡಕ್ಕೋ ಹದಿಮೂರಕ್ಕೋ ಎಣಿಕೆ ತಪ್ಪುತ್ತದೆ. ಮತ್ತೆ ತಳದಿಂದ ಶುರು. ಮೊನ್ನೆ ಹೀಗೆ ಮುಂಬಯಿಯ ಫೋರ್ಟ್ ಕಡೆ ಎಣಿಸುತ್ತಾ ನಿಂತಿದ್ದಾಗ ಪಕ್ಕದಲ್ಲಿ ಒಬ್ಬ ಬಂದು ತಾನೂ ಮೇಲೆ ನೋಡಿದ. ಅವನ ಪಕ್ಕ ಇನ್ನೊಬ್ಬ. ಐದು ನಿಮಿಷದಲ್ಲಿ ಇಪ್ಪತ್ತು ಜನ ಕತ್ತೆತ್ತಿ ನಿಂತಿದ್ದರು. "ಆಗ್ ಲಗೀ ಕ್ಯಾ?" ಎಂದು ಒಬ್ಬ ಕೇಳಿದ. ಬೆಂಕಿ ಬಿದ್ದಿಲ್ಲವೆಂದು ಹೇಳಿದೆ. ಅವನಿಗೆ ಮೋಸವಾದಂತಾಯಿತು.

ಈ ಚಟದ ಮೂಲ ನರಿಮನ್ ಪಾಯಿಂಟಿನ ಒಂದು ಕಟ್ಟಡ. ಕಚೇರಿಗಳೇ ತುಂಬಿರುವ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಘನವಾದ ಹೆಸರಿದೆ. ಅದು ಯಾರಿಗೂ ಬೇಡ. ಇಪ್ಪತ್ತೆರಡು ಅಂತಸ್ತಿನದೆಂದು ಟ್ಯಾಕ್ಸಿಯವರೂ ಕಡಲೆಕಾಯಿ ಮಾರುವವರೂ ಅದನ್ನು 'ಬಾವೀಸ್ ಮಾಳಾ' ಎನ್ನುತ್ತಾರೆ. ಅಪ್ಪ ಮಾತ್ರ ಇಪ್ಪತ್ಮೂರು ಎನ್ನುತ್ತಾರೆ. ನೆಲಮಟ್ಟದ ಅಂತಸ್ತನ್ನೂ ಎಣಿಸಬೇಕೆಂದು ಅವರ ವಾದ, ನೆಲಮಟ್ಟದ್ದು ನೆಲವೇ ಎಂದು ನನ್ನ ವಾದ. ಇದರ ಮೇಲೆ ನಾವು ಎರಡು ದೀಪಾವಳಿ ಹಾಳು ಮಾಡಿಕೊಂಡಿದ್ದೇವೆ.

ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ ಎಂಬುದು ಚೆಂಬೂರಿನ ನಮ್ಮ ಕಾಲೊನಿಗೆಲ್ಲ ಗೊತ್ತಿರುವ ಸಂಗತಿ. ಎದುರುಮನೆಯ ದೇವರ ಪಟದಿಂದ ವಿಭೂತಿ ಉದುರಿದಾಗ ನಾನು ಕೈಮುಗಿಯಲು ಹೋಗದೆ ಭೂತಗನ್ನಡಿ ಹಿಡಿದು ಹೋಗಿದ್ದೆ. ಕುಂಡಲಿ ನೋಡುವವರ ಕುಂಡಲಿ ಕೇಳಿ ಓಡಿಸಿದ್ದೇನೆ. "ಇವಗ ಹಸಿವಿ ಆಗೇದೋ ಇಲ್ಲೋ ಅನ್ನೂದಕ್ಕೂ ಪುರಾವೆ ಕೇಳ್ರಿ, ಆಮ್ಯಾಲೆ ಊಟಕ್ಕ ಹಾಕತೀನಿ" ಎಂದು ಅವ್ವ ಬಂದವರೆದುರು ಹೇಳುವುದುಂಟು. ಇಂಥ ನನಗೆ ಒಂದೇ ಒಂದು ಭಕ್ತಿ ಇತ್ತು, ಅದು ಈ ಬಾವೀಸ್ ಮಾಳಾದ ಮೇಲೆ. ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಸಮುದ್ರ ಮುಚ್ಚಿ ಮಾಡಿದ ನೆಲದಲ್ಲಿ ಅದರ ಕಂಬಗಳು ಏಳುವುದನ್ನು ಕಂಡಿದ್ದೆ. ಅಂದಿನಿಂದ ಅದರ ತುದಿಗೆ ಹೋಗಿ ನಿಲ್ಲಬೇಕು ಎಂಬುದು ನನ್ನ ಜೀವಮಾನದ ಆಸೆ. ಜೀವಮಾನವೆಂದರೆ ಇಪ್ಪತ್ತೆರಡು ವರ್ಷ. ಆದರೂ ಇರುವುದು ಅಷ್ಟೇ ಆದ್ದರಿಂದ ಅದನ್ನೇ ಹೇಳಬೇಕು.

ಧಾರವಾಡ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ನಮ್ಮ ಎರಡು ಖೋಲಿಯ ಮನೆಯಲ್ಲೇ ಇಳಿಯಬೇಕೆಂಬ ಕಾಯ್ದೆಯನ್ನು ಯಾರು ಮಾಡಿದರೋ ತಿಳಿಯದು. ದವಾಖಾನೆಗೆ ಬಂದವರು, ಇಂಟರ್ವ್ಯೂಗೆ ಬಂದವರು, ಹುಡುಗಿ ನೋಡಲು ಬಂದವರು, ಎಲ್ಲರಿಗೂ ಒಂದು ದಿನದಲ್ಲಿ ಮುಂಬಯಿ ತೋರಿಸಿ ಕಳಿಸಬೇಕು. ಅಪ್ಪನಿಗೆ ತೈಲ ಕಾರ್ಖಾನೆಯ ಆಫೀಸಿನಲ್ಲಿ ರಜೆ ಸಿಗದು. ಬಾಯಿ ದೊಡ್ಡದೆಂದು ಆ ಕೆಲಸ ನನ್ನ ಪಾಲಿಗೆ ಬಂತು. ಗೇಟ್‌ವೇ, ಮ್ಯೂಸಿಯಂ, ಹ್ಯಾಂಗಿಂಗ್ ಗಾರ್ಡನ್ ಆದಮೇಲೆ ನಾನು ಅವರನ್ನು ಬಾವೀಸ್ ಮಾಳಾದ ಬುಡಕ್ಕೆ ತಂದು ನಿಲ್ಲಿಸಿ, "ನೋಡ್ರಿ" ಎನ್ನುತ್ತಿದ್ದೆ. ಅವರು ನೋಡುತ್ತಿದ್ದರು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಬಹಳ ಹೊತ್ತು ನೋಡಿ, "ನೀರ ಹೆಂಗ ಏರಸತಾರ?" ಎಂದು ಕೇಳಿದರು. ಅವರ ಹೆಂಡತಿ, "ಮ್ಯಾಲೆ ಹಪ್ಪಳಾ ಒಣಗಿಸಲಿಕ್ಕೆ ಕೊಡತಾರೇನು?" ಎಂದರು. ಮನುಷ್ಯನ ಸಾಧನೆಯನ್ನು ಹಪ್ಪಳಕ್ಕೆ ಇಳಿಸಿದರಲ್ಲ ಎಂದು ಆ ದಿನವೆಲ್ಲ ನನಗೆ ಸಿಟ್ಟು.

ಒಳಗೆ ಹೋಗುವ ಪ್ರಯತ್ನ ಮಾಡಲಿಲ್ಲವೆಂದಲ್ಲ. ಮೊದಲ ಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೇರವಾಗಿ ಮುಂಬಾಗಿಲಿಗೇ ಹೋದೆ. ಯಾರನ್ನು ಕಾಣಬೇಕು ಎಂದು ಕಾವಲುಗಾರ ಹಿಂದಿಯಲ್ಲಿ ಕೇಳಿದ. ಯಾರನ್ನೂ ಅಲ್ಲ, ಬಿಲ್ಡಿಂಗನ್ನೇ ಕಾಣಬೇಕು ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಿಲ್ಡಿಂಗ್ ಘರ್ ಪರ್ ನಹೀ ಹೈ" ಎಂದ. ಬಿಲ್ಡಿಂಗು ಮನೆಯಲ್ಲಿಲ್ಲವಂತೆ. ಎಷ್ಟೋ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನನಗೆ ಆ ಉತ್ತರಕ್ಕೆ ಪ್ರತ್ಯುತ್ತರ ಇಂದಿಗೂ ಹೊಳೆದಿಲ್ಲ.

ಚರ್ಚಾಸ್ಪರ್ಧೆಯ ಮಾತು ಬಂತಲ್ಲ, ಎಲ್ಲ ಅನಾಹುತ ಹುಟ್ಟಿದ್ದೇ ಅಲ್ಲಿ. ಮಾಟುಂಗದ ಒಂದು ಕನ್ನಡ ಸಂಘದಲ್ಲಿ 'ಗಗನಚುಂಬಿ ಕಟ್ಟಡಗಳು ಪ್ರಗತಿಯ ಕುರುಹು' ಎಂಬ ವಿಷಯ ಇಟ್ಟಿದ್ದರು. ನಾನು ಪರವಾಗಿ ಮಾತಾಡಿದೆ. (ಮರುವರ್ಷ ಅದೇ ವಿಷಯ ಬಂದಾಗ ವಿರೋಧವಾಗಿ ಮಾತಾಡಿ ಅದಕ್ಕೂ ಬಹುಮಾನದ ಕಪ್ಪು ತಂದೆ. ನನ್ನ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಿಲ್ಲ.) ಭಾಷಣ ಮುಗಿಯುತ್ತಿದ್ದಂತೆ ಜೋಗೇಶ್ವರಿಯಿಂದ ಬಂದಿದ್ದ ಪ್ರತಿಸ್ಪರ್ಧಿಯೊಬ್ಬ ಎದ್ದು, "ಮಾನ್ಯ ಮಿತ್ರರು ತಾವು ಹೊಗಳುವ ಕಟ್ಟಡದ ಮೇಲೆ ಎಂದಾದರೂ ಹೋಗಿದ್ದಾರೆಯೇ?" ಎಂದ.

ವೇದಿಕೆಯ ಮೇಲೆ 'ಇಲ್ಲ' ಎಂಬ ಶಬ್ದ ಬಾಯಿಂದ ಬರಬಾರದೆಂದು ನಮಗೆ ಕಲಿಸಿದ್ದಾರೆ. ಒಮ್ಮೆ ಇಲ್ಲವೆಂದರೆ ಸಭೆ ಕೈಬಿಟ್ಟಂತೆ. ಕಾಲು ಜಾರಿದವನು ಕಂಬ ಹಿಡಿಯುವಂತೆ ನನ್ನ ನಾಲಗೆ 'ಹೋಗಿದ್ದೇನೆ' ಎಂಬ ಮಾತನ್ನು ಹಿಡಿದುಕೊಂಡಿತು. ಹಿಡಿದಮೇಲೆ ಬಿಡಲಿಲ್ಲ. ತುದಿಯಲ್ಲಿ ಒಂದು ದುಂಡನೆಯ ಪಡಸಾಲೆ. ಸುತ್ತ ಹಿತ್ತಾಳೆಯ ಕಂಬಿ. ಕಂಬಿಗೆ ಕೂಡಿಸಿದ ದುರ್ಬೀನು. ಪೂರ್ವಕ್ಕೆ ಗುಹೆಗಳ ದ್ವೀಪ, ಅದರಾಚೆ ನಮ್ಮ ಚೆಂಬೂರಿನ ನೀರಿನ ಟಾಕಿ. ಪಶ್ಚಿಮಕ್ಕೆ ತಿರುಗಿದರೆ, "ಸನ್ಮಾನ್ಯರೇ, ಭೂಮಿ ಬಾಗಿರುವುದನ್ನು ಕಣ್ಣಾರೆ ಕಾಣಬಹುದು" ಎಂದೆ. ಚಪ್ಪಾಳೆ ಬಿತ್ತು. ಬೆಳ್ಳಿ ಬಣ್ಣದ ಕಪ್ಪು ಸಿಕ್ಕಿತು.

ಮೂರನೆಯ ಸಾಲಿನಲ್ಲಿ ಅಪ್ಪ ಕೂತಿದ್ದರು. ಲೋಕಲ್ಲಿನಲ್ಲಿ ಮರಳುವಾಗ, "ಮ್ಯಾಲೆ ಹೋಗಿದ್ದು ನನಗ ಹೇಳೇ ಇಲ್ಲಲ್ಲೋ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆಗಿಂತ ಹೆಮ್ಮೆ ಹೆಚ್ಚಿತ್ತು. ನಿಜ ಹೇಳಲು ಕುರ್ಲಾದವರೆಗೆ ಸಮಯವಿತ್ತು. ಕುರ್ಲಾ ಬಂತು, ಹೋಯಿತು. ಮರುದಿನವೇ ಅಪ್ಪ ಗುರುನಾಥ ಮಾಮಾನಿಗೆ ಕಾಗದ ಬರೆದರು.

ಮಾಮಾ ಅವ್ವನ ಅಣ್ಣ. ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷದಿಂದ ಭೂಗೋಳ ಕಲಿಸುತ್ತಿರುವವರು. ಎರೆಹೊಲದ ಬಯಲು ಅದು. ಪಂಚಾಯಿತಿ ಕಟ್ಟೆಯೇ ಅಲ್ಲಿಯ ಬೆಟ್ಟ. ಭೂಮಿ ದುಂಡಗಿದೆ, ದೂರ ಹೋಗುವ ಹಡಗಿನ ತಳ ಮೊದಲು ಮರೆಯಾಗುತ್ತದೆ, ಕಂಬ ಕೊನೆಗೆ ಎಂದು ಮೂವತ್ತು ವರ್ಷ ಹೇಳಿದ್ದಾರೆ. ಸಮುದ್ರವನ್ನು ಒಂದು ದಿನವೂ ನೋಡಿಲ್ಲ. ಅವರ ಉತ್ತರ ಬಂತು: "ಚಿರಂಜೀವಿಗೆ ಆಶೀರ್ವಾದ. ನೀ ಕಂಡದ್ದನ್ನ ಏಳನೇ ಇಯತ್ತಾದ ಪಾಠದಾಗ ಸೇರಿಸೀನಿ. ಯಾರು ನೋಡ್ಯಾರ್ರಿ ಅಂತ ಹುಡುಗರು ಕೇಳಿದರು. ನನ್ನ ಅಳಿಯ ನೋಡ್ಯಾನ, ಅವ ಕಣ್ಣಿಲೆ ಕಾಣದ್ದನ್ನ ಬ್ರಹ್ಮ ಹೇಳಿದರೂ ನಂಬೂದಿಲ್ಲ ಅಂತ ಹೇಳೀನಿ."

ದಂತಕಥೆಗಳು ಹೇಗೆ ಹುಟ್ಟುತ್ತವೆ ಎಂಬುದರ ಮೇಲೆ ನಾನು ಕಾಲೇಜಿನಲ್ಲಿ ಒಂದು ಪ್ರಬಂಧ ಓದಿದ್ದೆ. ಒಬ್ಬ ಏನೋ ಅಂದ, ಅವನನ್ನು ಬಲ್ಲವನು ಇನ್ನೊಬ್ಬನಿಗೆ ಬರೆದ, ಗುರುವಾದವನು ಶಿಷ್ಯರಿಗೆ ಕಲಿಸಿದ. ಪ್ರಬಂಧದಲ್ಲಿ ಇದಕ್ಕೆ ಎರಡು ಸಾವಿರ ವರ್ಷ ಬೇಕಾಗಿತ್ತು. ನನ್ನ ವಿಷಯದಲ್ಲಿ ಹತ್ತು ದಿನ.

ಮೂರು ವರ್ಷ ಆ ಪಾಠ ನಡೆಯಿತು. ಹೋದ ಬೇಸಿಗೆಯಲ್ಲಿ ಮಾಮಾ ಸ್ವತಃ ಬಂದಿಳಿದರು. ತಲೆಗೆ ರುಮಾಲು, ಮೈಗೆ ಉದ್ದ ಕೋಟು, ಕಿಸೆಯಲ್ಲಿ ಶಾಲೆಯ ದಿಕ್ಸೂಚಿ. ದೀಪಾವಳಿಯ ಹೊತ್ತಿಗೆ ಅವರ ನೌಕರಿ ಮುಗಿಯುವುದಿತ್ತು. "ಮುಗಿಯೂದರೊಳಗ ಒಮ್ಮೆ ಕಣ್ಣಿಲೆ ನೋಡಿ ಹೇಳಿಬಿಡತೀನಿ. ಇಷ್ಟ ದಿನ ನಿನ್ನ ಕಣ್ಣಿಲೆ ಹೇಳೀನಿ" ಎಂದರು. ಆಮೇಲೆ ಚೀಲದಿಂದ ಒಂದು ವಹಿ ತೆಗೆದು ತೋರಿಸಿದರು. ಅದರಲ್ಲಿ ಅವರ ತರಗತಿಯ ಶಿವಲೀಲಾ ಎಂಬ ಹುಡುಗಿ ಬರೆದ ಚಿತ್ರವಿತ್ತು. ದುಂಡನೆಯ ಪಡಸಾಲೆ, ಹಳದಿ ಬಣ್ಣದ ಕಂಬಿ, ದುರ್ಬೀನಿಗೆ ಕಣ್ಣಿಟ್ಟ ಒಬ್ಬ ಮನುಷ್ಯ. ಆ ಮನುಷ್ಯ ನಾನು. ಮೀಸೆಯನ್ನೂ ಹಚ್ಚಿದ್ದಳು.

"ಈಗ ಮ್ಯಾಲೆ ಬಿಡೂದಿಲ್ಲ ಮಾಮಾ, ಬಂದ್ ಮಾಡ್ಯಾರ" ಎಂದು ಒಂದು ಮಾತು ಎಸೆದು ನೋಡಿದೆ.

ಮಾಮಾ ವಾದಿಸಲಿಲ್ಲ. ವಹಿಯನ್ನು ಮಡಚಿ ಚೀಲಕ್ಕೆ ಹಾಕಿ, "ಹಂಗಾರ ಕೆಳಗ ನಿಂತ ನೋಡಿ ಹೋಗತೀನಿ ಬಿಡು" ಎಂದರು. ಅವರು ಜಗಳವಾಡಿದ್ದರೆ ನಾನು ಗೆದ್ದುಬಿಡುತ್ತಿದ್ದೆ.

ಉಳಿದದ್ದು ಒಂದೇ ದಾರಿ, ರಘುರಾಮಣ್ಣ. ಕುಂದಾಪುರ ಕಡೆಯವರು, ಸಂಘದ ಸಭೆಗಳಿಗೆ ಚಹಾ ತಿಂಡಿ ಕೊಡುತ್ತಿದ್ದವರು. ಬಾವೀಸ್ ಮಾಳಾದ ಇಪ್ಪತ್ತೊಂದನೆಯ ಅಂತಸ್ತಿನ ಒಂದು ಕಂಪನಿಯ ಕ್ಯಾಂಟೀನು ಅವರದು. ಮಾಟುಂಗದಲ್ಲಿ ಅಡುಗೆ ಮಾಡಿಸಿ ದಿನಾ ಟೆಂಪೋದಲ್ಲಿ ಒಯ್ಯುತ್ತಿದ್ದರು. ನಾಚಿಕೆ ಬಿಟ್ಟು ಅವರ ಮುಂದೆ ಹೋಗಿ ನಿಂತೆ.

"ನೀವು ಮೇಲೆ ಹೋಗಿದ್ದೇನೆ ಅಂತ ಭಾಷಣದಲ್ಲಿ ಹೇಳಿದ್ರಲ್ಲ?" ಎಂದರು ರಘುರಾಮಣ್ಣ.

"ಹೇಳಿದ್ದೆ."

"ಹೋಗಿದ್ರಾ?"

"ಇಲ್ಲ."

"ನಂಗೆ ಅವತ್ತೇ ಗೊತ್ತಿತ್ತು ಮಾರಾಯ್ರೆ. ದಿನಾ ಅಲ್ಲಿ ಇರುವವ ನಾನು. ದುರ್ಬೀನು ಎಂತದೂ ಇಲ್ಲ ಅಲ್ಲಿ. ತುದಿಯ ಟಾರೀಸಿಗೆ ಬೀಗ ಹಾಕಿದ್ದಾರೆ."

"ಮತ್ತೆ ಸಭೆಯಲ್ಲಿ ಯಾಕೆ ಸುಮ್ಮನಿದ್ದಿರಿ?"

"ಮಾತು ಲಾಯ್ಕಿತ್ತು" ಎಂದರು. "ನಾನೂ ಚಪ್ಪಾಳೆ ಹೊಡ್ದಿದ್ದೆ."

ಹೀಗೆ ಒಂದು ಗುರುವಾರ ಹನ್ನೊಂದು ಗಂಟೆಗೆ ನಾನು ನನ್ನ ಆರಾಧ್ಯ ಕಟ್ಟಡವನ್ನು ಹಿತ್ತಲ ಬಾಗಿಲಿನಿಂದ ಪ್ರವೇಶಿಸಿದೆ. ಕ್ಯಾಂಟೀನಿನವರನ್ನು ಬಿಟ್ಟು ಬೇರೆಯವರಿಗೆ ಆ ಬಾಗಿಲಲ್ಲಿ ಪ್ರವೇಶವಿಲ್ಲದ್ದರಿಂದ ನನ್ನ ಕೈಯಲ್ಲಿ ವಡೆಯ ಬುಟ್ಟಿ, ರುಮಾಲು ಸುತ್ತಿ ಕೋಟು ತೊಟ್ಟ ಮಾಮಾನ ಕೈಯಲ್ಲಿ ಚಟ್ನಿಯ ಬಕೆಟ್ಟು. ಅಲ್ಲಿಯ ಕಾವಲುಗಾರ ಮಾಮಾನ ವೇಷ ನೋಡಿ ಅನುಮಾನಪಟ್ಟ. "ಹೆಡ್ ಕುಕ್" ಎಂದರು ರಘುರಾಮಣ್ಣ. ಕಾವಲುಗಾರ ಸಲಾಮು ಹೊಡೆದ. ಸಾಮಾನು ಏರಿಸುವ ಲಿಫ್ಟಿನಲ್ಲಿ ಸಾಂಬಾರಿನ ವಾಸನೆ, ಕತ್ತಲೆ. ಮಾಮಾ ಬಕೆಟ್ಟನ್ನು ಎಡಗೈಗೆ ಬದಲಿಸಿ ಬಲಗೈಯಲ್ಲಿ ದಿಕ್ಸೂಚಿ ಹಿಡಿದು ಮುಳ್ಳನ್ನೇ ನೋಡುತ್ತಿದ್ದರು. "ಉತ್ತರ ಅಲ್ಲೇ ಅದ" ಎಂದು ಹದಿನೈದನೆಯ ಅಂತಸ್ತಿನ ಸುಮಾರಿಗೆ ತೃಪ್ತಿಯಿಂದ ಹೇಳಿದರು.

ಇಪ್ಪತ್ತೊಂದನೆಯ ಅಂತಸ್ತು ಹೇಗಿದೆಯೆಂದು ಕೇಳುತ್ತೀರಾ? ಚೆಂಬೂರಿನ ರೇಶನ್ ಆಫೀಸು ನೋಡಿದ್ದೀರಲ್ಲ, ಹಾಗೆಯೇ. ಸ್ವಲ್ಪ ತಂಪು, ಅಷ್ಟೇ. ಸಮುದ್ರದ ಬದಿಯ ಉದ್ದಕ್ಕೂ ಸಾಹೇಬರ ಕೇಬಿನ್ನುಗಳು. ಕಾಗದದ ಮೇಲೆ ಬಿಸಿಲು ಬೀಳುತ್ತದೆಂದು ಕೇಬಿನ್ನುಗಳ ಕಿಟಕಿಗಳಿಗೆಲ್ಲ ದಪ್ಪ ಪರದೆ. ಹಾಡಹಗಲಲ್ಲಿ ಟ್ಯೂಬ್‌ಲೈಟು. ಕಾರಕೂನರು ನೂರಾರು ಜನ ಗೋಡೆಗೆ ಮುಖ ಮಾಡಿ ಕೂತಿದ್ದರು. ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಕ್ಯಾಲೆಂಡರಿನಲ್ಲಿ ಸಮುದ್ರದ ಚಿತ್ರ. ಮಾಮಾ ಒಬ್ಬ ಕಾರಕೂನನ ಹತ್ತಿರ ಹೋಗಿ ಮರಾಠಿಯಲ್ಲಿ, ಇಲ್ಲಿಂದ ಸಮುದ್ರ ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಆತ ಸ್ವಲ್ಪ ಯೋಚಿಸಿ, "ದೊಡ್ಡ ಸಾಹೇಬರಲ್ಲಿ ಇರಬೇಕು, ವಿಚಾರಿಸಿ" ಎಂದ. ಕಡತ ಕೇಳಿದರೂ ಅದೇ ದನಿಯಲ್ಲಿ ಹೇಳುತ್ತಿದ್ದನೆಂದು ಕಾಣುತ್ತದೆ.

ತೆರೆಯುವ ಕಿಟಕಿ ಇಡೀ ಅಂತಸ್ತಿಗೆ ಒಂದೇ, ಕ್ಯಾಂಟೀನಿನ ಪಾತ್ರೆ ತೊಳೆಯುವ ಜಾಗದಲ್ಲಿ. ಮಾಮಾ ಒಂದು ಕಟ್ಟಿಗೆಯ ಖೋಕಾ ಎಳೆದುಕೊಂಡು ಅದರ ಮೇಲೆ ಹತ್ತಿ, ಕನ್ನಡಕ ಒರೆಸಿ ಹಾಕಿಕೊಂಡು, ಹೊರಗೆ ನೋಡಿದರು. ನಾನೂ ಅವರ ಭುಜದ ಮೇಲಿಂದ ನೋಡಿದೆ.

ಎದುರಿಗೆ ಇನ್ನೊಂದು ಕಟ್ಟಡ ಏಳುತ್ತಿತ್ತು. ಬಿದಿರಿನ ಅಟ್ಟಣಿಗೆ, ಹಸಿ ಸಿಮೆಂಟಿನ ಕಂಬ, ತಗಡು, ಗೋಣಿತಟ್ಟು. ಅದು ನಮ್ಮ ಎತ್ತರಕ್ಕೇ ಬಂದು, ಇನ್ನೂ ಮೇಲಕ್ಕೆ ಹೊರಟಿತ್ತು. ಸಮುದ್ರ, ದ್ವೀಪ, ಆಕಾಶ, ಎಲ್ಲ ಅದರ ಹಿಂದೆ.

ಮಾಮಾ ಖೋಕಾದಿಂದ ಇಳಿಯಲಿಲ್ಲ. ತಿರುಗದೆಯೇ ಕೇಳಿದರು: "ಹಿತ್ತಾಳಿ ಕಂಬಿ ಎಲ್ಲೆ ಅದನೋ?"

"ಇಲ್ಲ ಮಾಮಾ."

"ದುರ್ಬೀನ?"

"ಇಲ್ಲ."

"ನೀ ಇಲ್ಲೆ ಎಂದ ಬಂದಿದ್ದಿ?"

"ಇವತ್ತ. ನಿಮ್ಮ ಜೋಡೀನ."

ವೇದಿಕೆಯ ಮೇಲೆ ಹೇಳಬಾರದೆಂದು ಕಲಿತ ಶಬ್ದವನ್ನು ಒಂದೇ ನಿಮಿಷದಲ್ಲಿ ಎರಡು ಸಲ ಹೇಳಿದ್ದೆ. ಪಾತ್ರೆ ತೊಳೆಯುವ ನಲ್ಲಿ ಸುರಿಯುತ್ತಿತ್ತು. ಮಾಮಾ ಏನಾದರೂ ಬೈದಾರೆಂದು ಕಾದೆ. ಅಷ್ಟರಲ್ಲಿ ಎದುರಿನ ಅಟ್ಟಣಿಗೆಯಿಂದ ಒಂದು ಹೆಣ್ಣುದನಿ ಕೇಳಿಸಿತು: "ಏ ಹುಡುಗೀ, ಕಾಲಾಗಿನ ಹಗ್ಗ ನೋಡ್ಕೊಂಡ ಬಾರ, ಬಿದ್ದೀ ಮತ್ತ."

ಮಾಮಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು. "ಯಾವೂರ ತಂಗೀ?"

ಬಯಲುಸೀಮೆಯ ಶಾಲೆಯಲ್ಲಿ ಮೂವತ್ತು ವರ್ಷ ಪಳಗಿದ ದನಿ. ನಡುವಿನ ಗಾಳಿ ಅದಕ್ಕೆ ಯಾವ ಲೆಕ್ಕ. ಎದುರಿಗೆ ಸಿಮೆಂಟಿನ ಬುಟ್ಟಿ ಇಳಿಸಿ ನಿಂತ ಹೆಂಗಸು ಅತ್ತಿತ್ತ ನೋಡಿ, ಕೊನೆಗೆ ನಮ್ಮನ್ನು ಕಂಡು, ಸೆರಗು ಸರಿಮಾಡಿಕೊಂಡಳು. "ಸಿಂದಗಿ ಕಡೇವ್ರರಿ. ನೀವು?"

"ನವಲಗುಂದ. ಸಾಲಿ ಮಾಸ್ತರ. ಅಲ್ಲ ತಂಗಿ, ನಿನ್ನ ಬೆನ್ನ ಹಿಂದ ಏನ ಕಾಣತದ?"

ಆಕೆ ತಿರುಗಿ ನೋಡಿದಳು. ಅದುವರೆಗೆ ನೋಡಿರಲಿಲ್ಲವೆಂದೇ ನನ್ನ ಅನಿಸಿಕೆ. "ನೀರ ಕಾಣತೈತ್ರಿ."

"ಎಷ್ಟ ದೂರ?"

"ಕಣ್ಣ ಹೋಗೋಮಟ."

"ನೀರಾಗ ಗುಡ್ಡ ಅದನೇನು?"

"ಒಂದ ಐತ್ರಿ, ಮಸಕ ಮಸಕ. ಅದರಾಚೆ ಹೊಗಿ ಉಗಳೋ ಕೊಳವಿ ಅದಾವು."

"ನಮ್ಮ ಚೆಂಬೂರು ಅದು" ಎಂದೆ ನಾನು ಮೆಲ್ಲಗೆ. ಕೋಟಿನ ಕಿಸೆಯಿಂದ ಕಾಗದ ಪೆನ್ಸಿಲು ತೆಗೆದಿದ್ದ ಮಾಮಾ ನನ್ನ ಮಾತನ್ನು ಬರೆದುಕೊಳ್ಳಲಿಲ್ಲ. ಆಕೆಯದನ್ನು ಬರೆದುಕೊಂಡರು. ಆಮೇಲೆ ಪೆನ್ಸಿಲು ತಡೆದು, ಅವರು ಮೂವತ್ತು ವರ್ಷದಿಂದ ಹೊತ್ತುಕೊಂಡು ಬಂದಿದ್ದ ಪ್ರಶ್ನೆ ಕೇಳಿದರು: "ದೂರ ನೀರು ಮುಗಿಯೋ ಕಡೆ ಭೂಮಿ ಬಾಗಿದ್ದು ಕಾಣತದೇನವಾ?"

ಆಕೆ ಹಣೆಗೆ ಕೈ ಹಚ್ಚಿ ಪ್ರಾಮಾಣಿಕವಾಗಿ ನೋಡಿದಳು. "ಅದ ಗೊತ್ತಾಗವಲ್ತರಿ. ಕೆಲಸಾ ಮಾಡಸೋ ಮುಕಾದಮ ಬರೋದ ಕಾಣತೈತಿ. ಬರತೀನ್ರಿ ಮಾಸ್ತರ" ಎಂದು ಬುಟ್ಟಿ ಹೊತ್ತು ಕಂಬದ ಮರೆಗೆ ಹೋದಳು.

"ಸ್ವಲ್ಪ ಮೆಲ್ಲಗೆ ಮಾತಾಡಿ ಮಾಷ್ಟ್ರೇ, ಸಾಹೇಬ್ರು ಬಂದ್ರೆ ನನ್ನ ಕ್ಯಾಂಟೀನು ಹೋಗ್ತದೆ" ಎಂದು ರಘುರಾಮಣ್ಣ ಹಿಂದಿನಿಂದ ಬೇಡಿಕೊಳ್ಳುತ್ತಿದ್ದರು.

ಕೆಳಗಿಳಿದು ಸಮುದ್ರದ ದಂಡೆಯ ಕಟ್ಟೆಯ ಮೇಲೆ ಕೂತೆವು. ಯಾವ ಕಾವಲುಗಾರನೂ ತಡೆಯದ, ಯಾವ ಬಕೆಟ್ಟೂ ಹೊರಬೇಕಿಲ್ಲದ ಸಮುದ್ರ ಎದುರಿಗೇ ಇತ್ತು. ಮಾಮಾ ಕನ್ನಡಕ ಸರಿಮಾಡಿಕೊಂಡು ದೂರಕ್ಕೆ ಬೆರಳು ಚಾಚಿದರು. "ನೋಡಲ್ಲೆ. ಹಡಗದ ತಳಾ ಮುಳಗೇದ, ಕಂಬ ಅಷ್ಟ ಉಳದದ. ಇದನ್ನ ನೋಡಲಿಕ್ಕೆ ಯಾವ ಮಾಳಾ ಬೇಕಾಗಿತ್ತೋ." ಅವರ ಕಣ್ಣು ಒದ್ದೆಯಾಗಿತ್ತು. ಅದು ಗಾಳಿಗೆ ಎಂದು ನಾನು ತರ್ಕಿಸಿದೆ.

"ಹುಡುಗರಿಗೆ ಖರೇ ಹೇಳಿಬಿಡತೀನಿ" ಎಂದರು.

ನನ್ನೊಳಗಿನ ವಕೀಲ ಎದ್ದು ನಿಂತ. "ಯಾಕ ಮಾಮಾ? ಭೂಮಿ ದುಂಡಗ ಇರೂದು ಖರೇನ ಅದ ಅಲ್ಲ? ಪಾಠ ಏನೂ ತಪ್ಪಾಗಿಲ್ಲಲ್ಲ?"

"ಪ್ರಶ್ನಾ ಭೂಮೀದಲ್ಲೋ" ಎಂದರು ಮಾಮಾ. "ನಿಂದು."

ಶಾಲೆ ತೆರೆದು ಒಂದು ತಿಂಗಳಿಗೆ ಅವರ ಕಾಗದ ಬಂತು. ಹೇಳಿದಂತೆ ಮಾಡಿದ್ದರು. ಚಿತ್ರ ಬರೆದ ಶಿವಲೀಲಾ ಏಳನೆಯದರಲ್ಲಿ ನಪಾಸಾಗಿ ಅದೇ ತರಗತಿಯಲ್ಲಿ ಉಳಿದಿದ್ದಳು; ಹಾಗಾಗಿ ಹಳೆಯ ಪಾಠವನ್ನೂ ಹೊಸ ಪಾಠವನ್ನೂ ಕೇಳಿದವಳು ಅವಳೊಬ್ಬಳೇ. ಅಳಿಯ ಮೇಲೆ ಹೋಗಿರಲಿಲ್ಲ, ಕಂಬಿಯೂ ಇಲ್ಲ, ದುರ್ಬೀನೂ ಇಲ್ಲ, ಈಗ ತಾವೇ ಅವನ ಜೊತೆ ಇಪ್ಪತ್ತೊಂದನೆಯ ಮಾಳಾಕ್ಕೆ ಹೋಗಿ ನೋಡಿ ಬಂದಿರುವುದಾಗಿ ಮಾಮಾ ಹೇಳಿದಾಗ ಅವಳು ಎದ್ದು ನಿಂತು, "ನಿಮ್ಮ ಅಳಿಯಾನೂ ಮೊದಲ ಹಿಂಗ ಹೇಳಿದ್ರಲ್ರಿ ಸರ" ಎಂದಳಂತೆ. "ಹುಡುಗಿ ಅಂದದ್ದು ಖರೇನ ಅದ" ಎಂದು ಮಾಮಾ ಬರೆದಿದ್ದರು. "ನನ್ನ ಮಾತು ಆಕಿ ನಂಬವಲ್ಲಳು. ನೌಕರಿ ಇನ್ನ ನಾಲ್ಕ ತಿಂಗಳ ಅದ. ಮನಿಯವರಲ್ಲದ, ಗೆಳೆಯರಲ್ಲದ ಯಾರರೆ ನಮ್ಮನ್ನ ಅಲ್ಲೆ ನೋಡಿದ್ದರ ಅವರಿಂದ ನಾಲ್ಕ ಸಾಲು ಬರೆಸಿ ಕಳಸು."

ಹಿತ್ತಲ ಬಾಗಿಲಿನಿಂದ ಹೋದವರಿಗೆ ಚೀಟಿ ಇಲ್ಲ, ದಾಖಲೆ ಇಲ್ಲ. ಕಾವಲುಗಾರ ಕಂಡದ್ದು ಹೆಡ್ ಕುಕ್ಕನ್ನು. ರಘುರಾಮಣ್ಣ ಒಂದು ಸಲ ನನ್ನ ಸುಳ್ಳಿಗೆ ಚಪ್ಪಾಳೆ ಹೊಡೆದವರು, ಅವರ ಸಾಕ್ಷಿ ನಡೆಯದು. ಉಳಿದವಳು ಸಿಂದಗಿಯ ಆ ಹೆಂಗಸು. ಆಕೆಯ ಹೆಸರು ಕೇಳಬೇಕೆಂದು ಭೂಗೋಳದ ಮಾಸ್ತರಿಗಾಗಲೀ ಚರ್ಚಾಪಟುವಿಗಾಗಲೀ ಹೊಳೆದಿರಲಿಲ್ಲ.

ಮಳೆ ಬಿಟ್ಟಿದ್ದ ಒಂದು ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಆ ಹೊಸ ಕಟ್ಟಡದ ಗೇಟಿನಲ್ಲಿ ನಿಂತೆ. ಹೆಂಗಸರು ಗುಂಪಾಗಿ ಇಳಿದು ಬಂದರು. ಎಲ್ಲರ ಮುಖ ಕೈಕಾಲಿಗೂ ಒಂದೇ ಬಣ್ಣದ ಸಿಮೆಂಟು. ಗಾಳಿಯಾಚೆ ಅಷ್ಟು ದೂರದಿಂದ ಕಂಡ ಮುಖ ಇವರಲ್ಲಿ ಯಾವುದು? ಕೊನೆಗೆ ವೇದಿಕೆಯ ದನಿ ತೆಗೆದು, "ಸಿಂದಗಿ ಕಡೆಯವರು ಯಾರ್ರಿ?" ಎಂದು ಕೂಗಿದೆ. ಇಡೀ ಗುಂಪು ನಿಂತಿತು.

"ಎಲ್ಲಾರೂ ಅಲ್ಲೇವ್ರ ಅದೀವ್ರಿ. ಏನಾಗಬೇಕಾಗಿತ್ತು?" ಎಂದಳು ಮುಂದಿದ್ದ ಒಬ್ಬ ಮುದುಕಿ.

ಹೇಳಿದೆ. ಬೇಸಿಗೆಯಲ್ಲಿ ಒಂದು ದಿನ ಆ ಕಿಟಕಿಯಲ್ಲಿ ನಾನೂ ರುಮಾಲಿನ ಮಾಸ್ತರರೂ ನಿಂತಿದ್ದೆವು. ನಿಮ್ಮಲ್ಲಿ ಒಬ್ಬರು ನಮ್ಮನ್ನು ನೋಡಿ ಮಾತಾಡಿದ್ದರು. ನೋಡಿದ್ದು ನಿಜವೆಂದು ಅವರು ಹೇಳಿದರೆ ಬರೆದುಕೊಂಡು, ಹೆಬ್ಬೆಟ್ಟು ಹಾಕಿಸಿಕೊಂಡು ಹೋಗುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಏನೂ ನೆನಪಾದಂತೆ ಕಾಣಲಿಲ್ಲ. ಮುದುಕಿ ನನ್ನ ಕೈಯಲ್ಲಿದ್ದ ಕಾಗದವನ್ನೂ ನನ್ನ ಮುಖವನ್ನೂ ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಮರುಕ ಬಂದಿತು.

"ನಿಮ್ಮನ್ನ ನೋಡೀವಿ ಅಂತ ಹೇಳಬೇಕೇನ್ರಿ? ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀರಿ" ಎಂದಳು. "ಹೇಳತೀವಿ ಬಿಡ್ರಿ. ಎಷ್ಟ ಮಂದಿ ಬೇಕ್ರಿ?"